ಓಟಿಪಿ ಬಾರದ ದಾರಿ

ತುಮಕೂರಿನಲ್ಲಿ ಒಂದು ತಟ್ಟೆ ಇಡ್ಲಿ ತಿಂದು, ಮಧ್ಯಾಹ್ನದ ಹೊತ್ತಿಗೆ ಗುಬ್ಬಿ ಮೇಲೆ ಕುಣಿಗಲ್ಲಿಗೆ ಹೋಗುವ ಖಾಸಗಿ ಬಸ್ಸು ಹತ್ತಿದೆ. ಮೋಡ ಕವಿದು ಸೆಕೆ ಕಟ್ಟಿಕೊಂಡಿತ್ತು. ಮಳೆಯೂ ಬರುವ ಹಾಗಿಲ್ಲ, ಬಿಸಿಲೂ ಬೀಳುವ ಹಾಗಿಲ್ಲ. ಕುಣಿಗಲ್ಲಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಹಿಂದಿನ ವರ್ಷ ತರಬೇತಿಗೆಂದು ದಕ್ಷಿಣ ಕೊರಿಯಾಕ್ಕೆ ಹೋಗಿ ಬಂದ ಮೇಲೆ ಅಲ್ಲಿನ ಬಸ್ಸುಗಳ ವೈಫೈ ಬಗ್ಗೆ ಸಿಕ್ಕಸಿಕ್ಕವರ ತಲೆ ತಿಂದಿದ್ದೆ. ಪರಿಚಯದ ಬಸ್ ಮಾಲೀಕರೊಬ್ಬರು ಕೇಳಿ ಕೇಳಿ ಸಾಕಾಗಿ ತಮ್ಮ ಬಸ್ಸಿಗೂ ಅದನ್ನು ಹಾಕಿಸಿದರು. "ಕೊರಿಯಾ ನೋಡ್ಕೊಂಡ್ ಬಂದಿದೀರಲ್ಲ ಮೇಷ್ಟ್ರೇ, ಇದ್ರಲ್ಲೂ ಒಂದ್ಸಲ ಓಡಾಡಿ, ಹೆಂಗಿದೆ ಹೇಳಿ" ಅಂದಿದ್ದರು.

ಕೊರಿಯಾದ ಸಿಯೋಲ್ ನಗರದಲ್ಲಿ ನಾನು ಓಡಾಡಿದ ಬಸ್ಸುಗಳಲ್ಲಿ ಫೋನಿನ ಮೇಲೆ ವೈಫೈ ಹೆಸರು ಮುಟ್ಟಿದರೆ ಮುಗಿಯಿತು. ನೀವು ಯಾರು, ಎತ್ತ ಎಂದು ಯಾರೂ ಕೇಳಲಿಲ್ಲ. ಅಲ್ಲಿನ ಭಾಷೆಯ ಒಂದಕ್ಷರ ಬಾರದ ನಾನೂ ಸೀಟಿನಲ್ಲಿ ಕೂತು ಮನೆಯವಳಿಗೆ ವಿಡಿಯೋದಲ್ಲಿ ಅವರ ಹೊಳೆ, ಸೇತುವೆ ಎಲ್ಲ ತೋರಿಸಿದ್ದೆ. ನಮ್ಮ ಬಸ್ಸಿನದು ಮೊದಲು ಫೋನ್ ನಂಬರ್ ಕೇಳಿತು, ಆಮೇಲೆ ಮೆಸೇಜಿನಲ್ಲಿ ಓಟಿಪಿ ಕಳಿಸಿತು. ಆ ಓಟಿಪಿ ಒತ್ತಿದ ಮೇಲೆ ಚೆನ್ನಾಗಿಯೇ ನಡೆಯಿತು. ಊರು ದಾಟುವಷ್ಟರಲ್ಲಿ ಮಾಲೀಕರಿಗೆ ಫೋನ್ ಮಾಡಿ, ಕೊರಿಯಾಕ್ಕಿಂತ ಏನೂ ಕಡಿಮೆಯಿಲ್ಲ ಎಂದು ಹೊಗಳಿಬಿಟ್ಟೆ.

ಗುಬ್ಬಿಗೆ ಇಪ್ಪತ್ತು ಕಿಲೋಮೀಟರು. ತೆಂಗಿನಕಾಯಿ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡವಾಗಿ ನಿಂತು ನಮ್ಮನ್ನು ಕಾಯಿಸಿತು. ಗುಬ್ಬಿ ಸ್ಟ್ಯಾಂಡಿನಲ್ಲಿ ಡ್ರೈವರ್ ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿ ಊಟಕ್ಕೆ ಹೋದ. ಹೊರಡುವ ಹೊತ್ತಿಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಹತ್ತಿ ನನ್ನ ಪಕ್ಕದ ಸಾಲಿನಲ್ಲಿ ಕೂತರು. ಅವರ ಹೆಸರು ನಸೀಮಾ, ಗುಬ್ಬಿಯಲ್ಲಿ ಬಳೆ ಅಂಗಡಿ ಇಟ್ಟವರು ಎಂಬುದೆಲ್ಲ ಆಮೇಲೆ ತಿಳಿದದ್ದು. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಬಸ್ಸು ಒಳದಾರಿಗೆ ತಿರುಗುತ್ತಲೇ ಅವರ ಫೋನಿಗೆ ಮೆಸೇಜ್ ಬಂತು. ಓದಿ, "ಅಯ್ಯೋ, ಈಗ್ಲೇ ಅಂತೆ!" ಎಂದು ಎದ್ದು ನಿಂತುಬಿಟ್ಟರು. ಏನಾಯಿತಮ್ಮಾ ಎಂದು ಕೇಳಿದೆ.

"ನನ್ ತಮ್ಮ ಸಾರ್. ಸೌದೀಲಿ ಗಾಡಿ ಓಡಿಸ್ತಿದ್ದ, ಮೊನ್ನೆ ಹೋಗ್ಬುಟ್ಟ. ಅಲ್ಲೇ ಮಣ್ಣು ಮಾಡ್ತಾರೆ. ಅವನ ಫ್ರೆಂಡು ವಿಡಿಯೋ ಕಾಲಲ್ಲಿ ಮುಖ ತೋರಿಸ್ತೀನಿ ಅಂದಿದ್ರು. ಸಾಯಂಕಾಲ ಅಂದಿದ್ದವ್ರು ಈಗ ಅಲ್ಲಿ ಮಧ್ಯಾಹ್ನದ ನಮಾಜ್ ಆದ್ ತಕ್ಷಣ ಅಂತವ್ರೆ."

ಅವರ ತಾಯಿ ಕುಣಿಗಲ್ಲಿನಲ್ಲಿದ್ದರು. ಆ ತಾಯಿಯ ಹತ್ತಿರ ಇದ್ದದ್ದು ಬಟನ್ ಫೋನು. ಅದಕ್ಕೇ ಮಗಳು ತಮ್ಮದನ್ನು ಒಯ್ಯುತ್ತಿದ್ದರು. ಅವರ ಮನೆಗಳಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವ ಪದ್ಧತಿಯಿಲ್ಲ. ಎತ್ತಿಕೊಂಡು ಹೋಗುವ ಮೊದಲು ಮುಖ ನೋಡಿದರೆ ಉಂಟು, ತಪ್ಪಿದರೆ ಇಲ್ಲ.

"ಅಮ್ಮ ನೋಡೋಗಂಟ ಒಂಚೂರು ತಡೀರಿ" ಎಂದು ಅವರು ಬರೆದ ಉತ್ತರ ಫೋನಿನಲ್ಲೇ ಸುತ್ತುತ್ತಾ ಉಳಿಯಿತು. ಟವರ್ ಹೋಗಿತ್ತು. ಕಂಡಕ್ಟರ್ ಹತ್ತಿರ ಬಂದ. "ಗಾಬ್ರಿ ಆಗ್ಬ್ಯಾಡಿ ಅಕ್ಕ, ನಮ್ ಬಸ್ಸಲ್ಲಿ ವೈಫೈ ಐತಲ್ಲ. ಫೋನಿಗೆ ಸಿಗ್ದೇ ಇರೋ ಟವರು ಮೇಲಿರೋ ಆಂಟೆನಾಗೆ ಸಿಗ್ತದೆ." ನಾನೂ ಹೌದೆಂದು ತಲೆಯಾಡಿಸಿದೆ. ಡ್ರೈವರ್ ತಲೆಯ ಮೇಲ್ಗಡೆ ಕೂರಿಸಿದ್ದ ವೈಫೈ ಡಬ್ಬಿಯ ಹಸಿರು ದೀಪ ಉರಿಯುತ್ತಲೇ ಇತ್ತು.

ನಸೀಮಾ ವೈಫೈ ಮುಟ್ಟಿದರು. ನಂಬರ್ ಕೇಳಿತು, ಕೊಟ್ಟರು. ಓಟಿಪಿ ಹಾಕಿ ಎಂದಿತು. ಓಟಿಪಿ ಬರಬೇಕಾದದ್ದು ಅವರ ಫೋನಿಗೆ. ಆ ಫೋನಿಗೆ ಟವರೇ ಇಲ್ಲ. ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ನನ್ನ ಫೋನಿನಿಂದಲೇ ಆ ಗೆಳೆಯನಿಗೆ ಕರೆ ಮಾಡೋಣವೆಂದು ತೆಗೆದರೆ ಅದಕ್ಕೂ ಟವರಿಲ್ಲ, ತುಮಕೂರಿನಲ್ಲಿ ಒಳಗೆ ಬಿಟ್ಟಿದ್ದ ವೈಫೈ ಈಗ ನನಗೂ ಹೊಸ ಓಟಿಪಿ ಕೇಳುತ್ತಿತ್ತು.

"ಸ್ಟ್ಯಾಂಡಲ್ಲಿ ಇಂಜಿನ್ ಆಫ್ ಮಾಡುದ್ರೆ ಎಲ್ರ ಕನೆಕ್ಷನ್ನೂ ಹೊಂಟೋಯ್ತದೆ ಸಾರ್," ಕಂಡಕ್ಟರನ ದನಿ ಇಳಿದಿತ್ತು. "ಹೊಸ ಓಟಿಪಿ ಗುಬ್ಬೀಲೇ ಹಾಕ್ಕೋಬೇಕಿತ್ತು."

ಗುಬ್ಬಿಯಲ್ಲಿ ಯಾರು ಹಾಕಿಕೊಳ್ಳುತ್ತಾರೆ? ಅಲ್ಲಿ ಎಲ್ಲರ ಫೋನಿಗೂ ಟವರ್ ಇರುತ್ತದೆ. ಇದ್ದ ಏಳೆಂಟು ಜನರನ್ನೂ ಕೇಳಿದೆವು, ಒಬ್ಬರೂ ಹಾಕಿಕೊಂಡಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಡಬ್ಬಿ ತಂದೆವು, ಆಂಟೆನಾ ತಂದೆವು, ಬಾಗಿಲಿಗೆ ವೈಫೈ ಸ್ಟಿಕ್ಕರನ್ನೂ ಅಂಟಿಸಿದೆವು. ಹತ್ತಿದವರನ್ನು ಸುಮ್ಮನೆ ಒಳಗೆ ಬಿಡುವ ಕೊರಿಯಾದವರ ರೀತಿಯೊಂದು ಮಾತ್ರ ನಮ್ಮ ಕೈಗೆ ಬರಲಿಲ್ಲ.

ವಿಷಯ ತಿಳಿದ ಡ್ರೈವರ್, ದಾರಿಯಲ್ಲಿ ಜನ ಕೈಯೆತ್ತಿದರೂ ನಿಲ್ಲಿಸದೆ ಓಡಿಸಿದ. ಗುಂಡಿ ರಸ್ತೆ, ಬಸ್ಸು ಕುಲುಕಿದಷ್ಟೂ ನಸೀಮಾ ಫೋನನ್ನು ಕಿಟಕಿಯಿಂದಾಚೆ ಚಾಚಿ ಹಿಡಿಯುತ್ತಿದ್ದರು. ರಾಗಿ ಹೊಲ, ತೆಂಗಿನ ತೋಟ, ಮತ್ತೆ ರಾಗಿ ಹೊಲ. ಕೊನೆಗೆ ಅವರು ಕೈ ಒಳಗೆ ತೆಗೆದುಕೊಂಡರು.

"ಈ ಓಟಿಪಿ ಯಾಕೆ ಕೇಳ್ತಾರೆ ಸಾರ್?"

"ಹತ್ತಿರೋರು ಯಾರು ಅಂತ ಗೊತ್ತಾಗ್ಲಿ ಅಂತಮ್ಮಾ."

"ನಾನು ಅವನ ಅಕ್ಕ ಸಾರ್," ಅಂದರು.

ಕುಣಿಗಲ್ ಕೆರೆ ಕಾಣುವ ಹೊತ್ತಿಗೆ ಫೋನಿಗೆ ಜೀವ ಬಂತು. ಮೊದಲು ಬಂದದ್ದು ಓಟಿಪಿಗಳು, ಒಂದರ ಹಿಂದೆ ಒಂದು. ಆಮೇಲೆ ತಪ್ಪಿಹೋದ ಆರು ವಿಡಿಯೋ ಕರೆಗಳು. ಅದರ ಕೆಳಗೆ ಒಂದು ಫೋಟೋ, ಹೊಸ ಮಣ್ಣಿನ ದಿಬ್ಬದ್ದು. ಅವರು ಅದನ್ನು ದೊಡ್ಡದು ಮಾಡಿ ನೋಡಲಿಲ್ಲ. ಅಳಲೂ ಇಲ್ಲ. ಅವರು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸ್ಟ್ಯಾಂಡಿನಲ್ಲಿ ಅವರ ತಾಯಿ ಕಾಯುತ್ತಿದ್ದರು. ಮನೆಯಲ್ಲಿ ಕೂರಲಾಗದೆ ಬಂದಿರಬೇಕು. ಸಮಯ ಬದಲಾದದ್ದು ಅವರಿಗೆ ಗೊತ್ತಿರಲಿಲ್ಲ. ಸಾಯಂಕಾಲಕ್ಕೆ ಇನ್ನೂ ಹೊತ್ತಿದೆ ಎಂದೇ ಅವರ ಲೆಕ್ಕ. ಮಗಳು ಇಳಿದದ್ದನ್ನು ಕಂಡು ಉರ್ದುವಿನಲ್ಲಿ ಏನೋ ಕೇಳಿದರು. ನಸೀಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದೇ ನಿಂತರು. ಆ ತಾಯಿ ಸೆರಗಿನಲ್ಲಿ ಕನ್ನಡಕ ಒರೆಸಿ, ಕಿವಿಗೆ ಸರಿಯಾಗಿ ಸಿಕ್ಕಿಸಿಕೊಂಡು, ಫೋನಿಗಾಗಿ ಕೈ ಚಾಚಿದರು. ನಾನು ತುಮಕೂರಿನ ಬಸ್ಸು ಹುಡುಕುತ್ತಾ ಅಲ್ಲಿಂದ ಹೊರಟೆ. ಮೂಲೆಯಲ್ಲಿ ತಿರುಗಿ ನೋಡಿದಾಗ ಆ ಕೈ ಇನ್ನೂ ಚಾಚಿಯೇ ಇತ್ತು.