ಕಪ್ಪು ಚೌಕದೊಳಗಿನ ನಗು

ಮೊನ್ನೆ ಪೀಣ್ಯದಲ್ಲಿ ಮೆಟ್ರೋ ಹತ್ತಿದವರೊಬ್ಬರು ನನ್ನ ಪಕ್ಕ ಬಂದು ನಿಂತರು. ಅವರ ಅಂಗಿಯಿಂದ ಲೇತ್ ಮೆಷಿನ್ನಿನ ಎಣ್ಣೆಯ ವಾಸನೆ ಬರುತ್ತಿತ್ತು. ತಟ್ಟನೆ ನನ್ನ ಹಳೆಯ ಸಹೋದ್ಯೋಗಿ ನೆನಪಾದಳು. ಅವಳ ದುಪಟ್ಟಾದಲ್ಲೂ ಇದೇ ವಾಸನೆ ಇರುತ್ತಿತ್ತು...

ಆಗ ನಾವಿಬ್ಬರೂ ಪೀಣ್ಯದ ಸಣ್ಣ ಕಾರ್ಖಾನೆಗಳ ಬಗ್ಗೆ ಒಂದು ಆನ್‌ಲೈನ್ ಪ್ರದರ್ಶನ ಸಿದ್ಧಪಡಿಸುತ್ತಿದ್ದೆವು. ಬರಹ ನನ್ನದು, ವಿಡಿಯೋ ಅವಳದು. ನನ್ನೆದುರು ಬಾಯಿ ಬಿಡದ ಕೆಲಸಗಾರರು ಅವಳ ಜೊತೆ ಬುತ್ತಿ ಹಂಚಿಕೊಂಡು ಹರಟುತ್ತಿದ್ದರು. ನೋಡಿದವರು ಹೊಗಳಿದ್ದೂ ವಿಡಿಯೋಗಳನ್ನೇ. ನಾನು ನಗುತ್ತಲೇ ಅವಳ ಕೈ ಕುಲುಕಿದೆ. ಒಳಗೆ ಉರಿಯುತ್ತಿತ್ತು.

ವಿಡಿಯೋಗಳನ್ನು ಬೇರೊಂದು ಸೈಟಿಗೆ ಹಾಕಿ, ಅಲ್ಲಿಂದ ನಮ್ಮ ಪುಟದಲ್ಲಿ ತೋರಿಸುತ್ತಿದ್ದೆವು. ಅವಳಿಗೆ ಅದು ಹಿಡಿಸಿರಲಿಲ್ಲ.

"ಆ ಸೈಟ್ ಮುಚ್ಚಿದ್ರೆ ಎಲ್ಲಾ ಹೋಗ್ಬಿಡತ್ತೆ ಕಣೇ."

ಸರ್ವರಿನಲ್ಲಿ ಜಾಗವಿಲ್ಲ ಎಂದರು ಮ್ಯಾನೇಜರ್. ಅವಳು ಮೂಲ ಪ್ರತಿಗಳನ್ನು ತನ್ನ ಹಾರ್ಡ್‌ಡಿಸ್ಕಿಗೆ ಹಾಕಿಟ್ಟುಕೊಂಡಳು. ಆಮೇಲೆ ಕೆಲಸ ಬಿಟ್ಟಳು. ನಮ್ಮ ಮಾತುಕತೆಯೂ ನಿಂತಿತು...

ಕೊನೆಗೆ ಅವಳು ಹೇಳಿದ್ದೇ ಆಯಿತು, ಆ ಸೈಟ್ ಮುಚ್ಚಿಹೋಯಿತು. ನಮ್ಮ ಪುಟದಲ್ಲಿ ನನ್ನ ಬರಹದ ನಡುನಡುವೆ ಕಪ್ಪು ಚೌಕಗಳಷ್ಟೇ ಉಳಿದವು. ಇನ್ನಾದರೂ ಜನ ನಾನು ಬರೆದದ್ದನ್ನು ಓದುತ್ತಾರೆ ಅಂದುಕೊಂಡೆ.

ಒಂದು ದಿನ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಆಫೀಸಿಗೆ ಬಂದಳು. ಪೀಣ್ಯದ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುತ್ತಿದ್ದ ಅವಳ ತಾಯಿ ತೀರಿಕೊಂಡಿದ್ದರು. ಆ ತಾಯಿ ಕ್ಯಾಮೆರಾ ಮುಂದೆ ಆಡಿದ್ದನ್ನೆಲ್ಲ ನಾನು ಒಂದಕ್ಷರ ಬಿಡದೆ ಬರೆದಿದ್ದೆ. ಹೆಮ್ಮೆಯಿಂದ ತೋರಿಸಿದೆ.

"ಬರದದ್ದು ಓದೇನ್ರಿ ಮೇಡಂ. ನನಗ ಅವ್ವ ನಕ್ಕಿದ್ದು ನೋಡಬೇಕಾಗೇತ್ರಿ."

ಬೇರೆ ದಾರಿಯಿಲ್ಲದೆ ಸಹೋದ್ಯೋಗಿಯ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ತಮ್ಮ.

"ಅಕ್ಕ ಡೆಂಗ್ಯೂ ಬಂದು ತೀರ್ಕೊಂಡ್ರು ಮೇಡಂ... ನಿಮಗ್ಯಾರೂ ಹೇಳ್ಲಿಲ್ವಾ?"

ಆ ವಿಡಿಯೋಗಳ ವಿಷಯ ಹೇಗೋ ಕೇಳಿದೆ. ಹಾರ್ಡ್‌ಡಿಸ್ಕನ್ನು ಅವನೇ ತಂದುಕೊಟ್ಟ. "ಇದನ್ನ ಮುಟ್ಟೋಕೂ ಬಿಡ್ತಿರ್ಲಿಲ್ಲ ಅಕ್ಕ," ಎಂದ.

ಈ ಸಲ ಮ್ಯಾನೇಜರನ್ನು ಒಪ್ಪಿಸಿ ವಿಡಿಯೋಗಳನ್ನು ನಮ್ಮ ಸರ್ವರಿಗೇ ಹಾಕಿಸಿದೆ; ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿಸಿದೆ. ಹುಡುಗಿಯನ್ನು ಕರೆಸಿ ತೋರಿಸಿದೆ. ಅವಳ ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಬಿದ್ದುಬಿದ್ದು ನಗುತ್ತಿದ್ದರು. ಕ್ಯಾಮೆರಾ ಹಿಂದಿನಿಂದ ಇನ್ನೊಂದು ನಗು ಕೇಳುತ್ತಿತ್ತು, ನನ್ನ ಸಹೋದ್ಯೋಗಿಯದು.

"ಅವ್ವನ್ನ ಹಿಂಗ ನಗಿಸಿದಾಕಿ ಯಾರ್ರಿ?" ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು ಹುಡುಗಿ.

ನಾನು ಹೆಸರು ಹೇಳಿದೆ. ಬರೆದವರು ಯಾರೆಂದು ಅವಳು ಕೇಳಲಿಲ್ಲ.

ಈಗಲೂ ಜನ ಆ ಪುಟದಲ್ಲಿ ನನ್ನ ಸಾಲುಗಳನ್ನು ದಾಟಿ ನೇರ ವಿಡಿಯೋಗೆ ಹೋಗುತ್ತಾರೆ. ನಾನೂ ಅಷ್ಟೇ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅವಳು ಬದುಕಿದ್ದರೆ ಅದನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳುತ್ತಿದ್ದೆನೋ ಏನೋ... ಅವಳಂತೂ ಅದಕ್ಕೂ ನಕ್ಕುಬಿಡುತ್ತಿದ್ದಳು.