ಕೆಸುವಿಗಾಗಿ ಸ್ನಾನ

ದಿನಕ್ಕೆ ಮೂರು ಸಲ ಸ್ನಾನ ಮಾಡುವ ಮನುಷ್ಯನನ್ನು ಕಂಡರೆ ದಯವಿಟ್ಟು ಅವಸರದಲ್ಲಿ ಕೈ ಮುಗಿಯಬೇಡಿ. ಮೊದಲು ಅವನ ಬಚ್ಚಲ ಹಿಂದೆ ಹೋಗಿ ಏನು ಬೆಳೆದಿದೆ ಎಂದು ನೋಡಿ. ಒಂದು ಬೇಸಿಗೆಯ ಉದ್ದಕ್ಕೂ ಚಳ್ಳಕೆರೆಯ ನಮ್ಮ ಓಣಿಯವರೆಲ್ಲ ಹಾಗೆ ಕೈ ಮುಗಿದದ್ದು ನನಗೇ ಆದ್ದರಿಂದ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಸೀಮೆಗೆ ಎಲೆ ಹಂಚುವಾಗ ದೇವರು ಬಹಳ ಕೈ ಬಿಗಿ ಹಿಡಿದಿದ್ದಾನೆ. ಜಾಲಿಯ ಎಲೆಯ ಕೆಳಗೆ ಇರುವೆಗೂ ನೆರಳು ಸಾಲದು. ಕಳ್ಳಿಗಂತೂ ಬರೀ ಮುಳ್ಳು ಕೊಟ್ಟು ಕಳಿಸಿದ್ದಾನೆ. ಇಂಥ ಊರಿನ ಮೇಷ್ಟರಾದ ನನಗೆ ಮೊಳಕಾಲ್ಮುರಿನಿಂದ ಹೆಣ್ಣು ಕೊಟ್ಟರು. ಮಾವನವರ ಮನೆ ಗುಡ್ಡದ ಬುಡದಲ್ಲಿದೆ. ಬಾವಿಯ ಪಕ್ಕ ಹುಣಸೆಮರದ ನೆರಳು, ನೆರಳಿನಲ್ಲಿ ಸದಾ ಕೆಸರು, ಕೆಸರಿನಲ್ಲಿ ಮೊರದಗಲದ ಕೆಸುವಿನ ಎಲೆಗಳು. ಹೆಂಡತಿ ಪಾರ್ವತಿಯನ್ನು ಕರೆತರಲು ಹೋದಾಗ ನಾನು ಆ ಎಲೆಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತೆ. ಹಿಂದಿನಿಂದ ಮಾವನವರ ದನಿ ಬಂತು:

“ನಿಮ್ಮೂರಾಗೆ ಇದು ಬದುಕಾಕಿಲ್ರಿ. ನಮ್ಮ ಹುಡುಗೀನೂ ಆ ಬಿಸಿಲಾಗೆ ಹೆಂಗಿರ್ತಾಳೋ ಅಂತ ನಂಗೆ ದಿಗಿಲೈತೆ.”

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ನನಗೆ ನಾಟಿತು. ಅಲ್ಲೇ ಎರಡು ಗೆಡ್ಡೆ ಕಿತ್ತು ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿಕೊಂಡು, “ಬರೋ ಬೇಸಿಗೇಗೆ ಬಂದು ನೋಡ್ರಿ ಮಾವಾರೇ” ಎಂದುಬಿಟ್ಟೆ. ಗಾಡಿ ಅರ್ಧ ದಾರಿ ಸವೆಸುವಷ್ಟರಲ್ಲಿ ನನ್ನ ಶೌರ್ಯವೂ ಅರ್ಧ ಸವೆದಿತ್ತು.

ನಮ್ಮ ಮನೆಯಲ್ಲಿ ತಂಪು, ನೆರಳು ಎರಡೂ ಕೂಡಿದ ಜಾಗ ಒಂದೇ: ಬಚ್ಚಲ ಮೋರಿ ಹೊರಗೆ ಬೀಳುವ ಕಡೆ, ಬೇವಿನ ಮರದ ಕೆಳಗೆ. ಅಲ್ಲಿ ನೆಟ್ಟೆ. ಮಳೆಗಾಲ, ಚಳಿಗಾಲ ಕಳೆಯುವಷ್ಟರಲ್ಲಿ ನಾಲ್ಕು ಎಲೆ ಬಿಟ್ಟಿತು. ಶಿವರಾತ್ರಿ ಮುಗಿದದ್ದೇ ತಡ, ನಾಲ್ಕೂ ಜೋತುಬಿದ್ದವು. ದಿನಕ್ಕೆ ಇನ್ನೆರಡು ಕೊಡ ನೀರು ಬೇಕೆಂದೆ. ಬಾವಿ ಊರಾಚೆ ಇತ್ತು. ಪಾರ್ವತಿ ಸೊಂಟದ ಮೇಲೆ ಕೈಯಿಟ್ಟಳು.

“ಗಿಡ ನಿಮ್ದು, ಹಟ ನಿಮ್ದು. ನೀರೂ ನೀವೇ ಸೇದ್ಕಂಡ್ ಬರ್ರಿ. ಹೆಂಗೂ ಹೋಗ್ತೀರಿ, ಮನೆ ಕೊಡಾನೂ ತುಂಬ್ಕಂಡ್ ಬರ್ರಿ.”

ಹೀಗೆ ಮನೆಯ ನೀರೆಲ್ಲ ನನ್ನ ಹೆಗಲಿಗೆ ಬಂತು. ಆದರೆ ಕುಡಿಯಲು ನೀರಿಗೆ ಪರದಾಡುವ ಊರಿನಲ್ಲಿ ಮೋರಿಯ ಗಿಡಕ್ಕೆ ಕೊಡಗಟ್ಟಲೆ ಸುರಿದರೆ ಜನ ಏನೆಂದಾರು? ಯೋಚಿಸಿ ಒಂದು ಸತ್ಯ ಕಂಡುಕೊಂಡೆ. ಗಿಡಕ್ಕೆ ಸುರಿದರೆ ಹುಚ್ಚು, ಮೈಮೇಲೆ ಸುರಿದುಕೊಂಡರೆ ಶುದ್ಧಿ. ಅಂದಿನಿಂದ ನನಗೆ ದಿನಕ್ಕೆ ಮೂರು ಸ್ನಾನ. ಜೋತುಬಿದ್ದ ಎಲೆಗಳು ಮತ್ತೆ ತಲೆ ಎತ್ತಿದವು.

ಪಕ್ಕದ ಮನೆಯ ಕಂಬಳಿ ವ್ಯಾಪಾರಿ ರುದ್ರಪ್ಪನವರು ಇದನ್ನೆಲ್ಲ ಗಮನಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಇದ್ದೂ ಗಂಡಸು ತಾನೇ ನೀರು ಹೊರುತ್ತಾನೆಂದರೆ ಅದು ಅಗ್ಗವಣಿ, ಪೂಜೆಯ ನೀರು, ಎಂದು ಅವರು ತೀರ್ಮಾನಿಸಿದರು. ಹೆಂಡತಿಗಾಗಿ ಹೊರಬಹುದೆಂಬ ಅನುಮಾನ ಓಣಿಯಲ್ಲಿ ಯಾರಿಗೂ ಬರಲಿಲ್ಲ. ನಾನು ಬರುತ್ತಿದ್ದರೆ ಜನ ದಾರಿ ಬಿಟ್ಟು ನಿಲ್ಲತೊಡಗಿದರು. ಒಂದು ದಿನ ರುದ್ರಪ್ಪನವರು ಸೊಸೆಯ ತಲೆನೋವಿಗೆ ನನ್ನ ಕೈಯಿಂದ ವಿಭೂತಿ ಬೇಕೆಂದು ಬಂದಾಗ ತಡೆಯಲಾಗಲಿಲ್ಲ.

“ರುದ್ರಪ್ಪನೋರೇ, ದೇವರಾಣೆ, ನಾನು ಸ್ನಾನ ಮಾಡ್ತಿರೋದು ಕೆಸುವಿಗೋಸ್ಕರ!”

ಅವರ ಕಣ್ಣಲ್ಲಿ ನೀರು ತುಂಬಿತು. “ನೋಡ್ರಿ, ದೊಡ್ಡೋರು ತಮ್ಮ ನೇಮಾನ ಹೊರಗೆ ಬಿಟ್ಟುಕೊಡಂಗಿಲ್ಲ” ಎಂದು ಕಾಲು ಮುಟ್ಟಿಯೇ ಹೋದರು. ಮರುದಿನ ಇನ್ನೆರಡು ಮನೆಯವರು ಬಂದರು.

ನೀರು ಅಂಟದ ತಾವರೆ ಎಲೆಯನ್ನು ಪಂಡಿತರು ವೈರಾಗ್ಯಕ್ಕೆ ಹೋಲಿಸುತ್ತಾರೆ. ಕೆಸುವಿನ ಎಲೆಗೂ ನೀರು ಅಂಟುವುದಿಲ್ಲ, ಆದರೆ ಮೋರಿಯ ಬದಿ ಬೆಳೆಯುವುದನ್ನು ಉದಾಹರಿಸಲು ಪಂಡಿತರಿಗೆ ಸಂಕೋಚ. ನನಗೆ ಮಾತ್ರ ಹೊಗಳಿಕೆ ಚೆನ್ನಾಗಿಯೇ ಅಂಟಿತು. ಎರಡನೆಯ ವಾರಕ್ಕೆ ಬಾವಿಯಿಂದ ಬರುವಾಗ “ಶಿವ ಶಿವಾ” ಎಂದು ಕೊಂಚ ಗಟ್ಟಿಯಾಗಿಯೇ ಹೇಳುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಾವನವರು ಬಂದರೆಂದು ಶಾಲೆಗೆ ಸುದ್ದಿ ಬಂತು. ಓಡುತ್ತ ಬಂದವನು ಅವರಿಗೆ ನಮಸ್ಕಾರ ಹೇಳುವುದನ್ನೂ ಮರೆತು ಹಿತ್ತಲಿಗೆ ಹೋದೆ. ನಾಲ್ಕು ಮೋಟು ದಂಟು ನಿಂತಿದ್ದವು! ಒಳಗಿನಿಂದ ಹುಣಸೆಹುಳಿ ಕುದಿಯುವ ವಾಸನೆ ಬರುತ್ತಿತ್ತು.

“ಅಪ್ಪ ಬಂದಾರೆ, ಮನ್ಯಾಗೆ ಒಂದು ಕಟ್ಟು ಸೊಪ್ಪಿಲ್ಲ. ಮತ್ತೇನು ಮಾಡ್ಲಿ?” ಎಂದಳು ಪಾರ್ವತಿ.

ನನ್ನ ಅಷ್ಟೂ ಸ್ನಾನಗಳು ಒಂದು ಗಡಿಗೆಯಲ್ಲಿ ಕುದಿಯುತ್ತಿದ್ದವು. ಅಳು ಬರುವಂತಾಯಿತು. ಊಟಕ್ಕೆ ಕೂತಾಗ, “ಮಾವಾರೇ, ಬೆಳಗ್ಗೆ ನಾಲ್ಕು ಎಲೆ ಇದ್ವು, ಆಣೆ ಮಾಡ್ತೀನಿ” ಎಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಬಡಿಸಲು ಬಗ್ಗಿದ ಮಗಳ ತಲೆಯನ್ನೇ ನೋಡುತ್ತಿದ್ದರು. ಎಡಗೈಯಿಂದ ಮೆಲ್ಲನೆ ಅವಳ ನೆತ್ತಿಯ ಕೂದಲು ಸವರಿದರು.

“ಎಲೆ ನೋಡಾಕೆ ಬಂದೋನಲ್ರಿ ನಾನು. ನೀರಿಲ್ಲದ ಊರಿಗೆ ಕೊಟ್ಟ ಹೆಣ್ಮಕ್ಕಳಿಗೆ ಕೊಡ ಹೊತ್ತೂ ಹೊತ್ತೂ ವರ್ಷದಾಗೆ ನೆತ್ತಿ ಕೂದ್ಲು ಸವೀತೈತೆ. ಇವಳದು ಕೊಟ್ಟಾಗ ಹೆಂಗಿತ್ತೋ ಹಂಗೇ ಐತೆ.” ಆಮೇಲೆ ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟು, ಸಂತೋಷವಾದಾಗ ತೆಲುಗಿಗೆ ಹೊರಳುವ ತಮ್ಮ ವಾಡಿಕೆಯಂತೆ, “ಶಾನಾ ಬಾಗುಂದಿ” ಎಂದರು. ಚೆನ್ನಾಗಿದೆ ಎಂದದ್ದು ಹುಳಿಗೋ ನನಗೋ, ನಾನು ಕೇಳಲಿಲ್ಲ.

ಗೆಡ್ಡೆ ಇರುವ ತನಕ ಕೆಸುವಿಗೆ ಸಾವಿಲ್ಲ. ಕೆಲವೇ ದಿನಗಳಲ್ಲಿ ಮತ್ತೆ ಸುರುಳಿ ಬಿಚ್ಚಿತು. ಸ್ನಾನವನ್ನು ನಾನು ಒಂದಕ್ಕೆ ಇಳಿಸಿದ್ದೇನೆ. ವ್ರತ ಮುಗಿಯಿತೆಂದು ರುದ್ರಪ್ಪನವರಿಗೆ ಬೇಸರ. ಕೊಡ ಮಾತ್ರ ಹೆಗಲಿನಿಂದ ಇಳಿದಿಲ್ಲ. ಕೇಳಿದವರಿಗೆ, “ಕೆಸುವಿಗೆ ನೀರು ಬೇಕಲ್ಲ” ಎನ್ನುತ್ತೇನೆ. ಪಾರ್ವತಿ ಬಾಗಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತ, “ಹೂಂನ್ರಿ, ಬೇಕೇ ಬೇಕು” ಎನ್ನುತ್ತಾಳೆ.