ಬೆಂಕಿಗೆ ಹಿಡಿದ ಗಿಟಾರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೋದ ಚಳಿಗಾಲದಲ್ಲಿ ಒಂದು ಗಿಟಾರಿನ ಸಲುವಾಗಿ ಅಪ್ಪನ ಮರ್ಯಾದೆಯನ್ನು ಹತ್ತು ಜನರ ಮುಂದೆ ತೆಗೆದೆ. ಅದನ್ನು ತಿರುಗಿ ಕೊಡಲು ನನ್ನಿಂದ ಇನ್ನೂ ಆಗಿಲ್ಲ.

ಕೊಟ್ಟೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿಗೆ ತಾಮ್ರದ ತಂತಿ ಸುತ್ತುವವನಿಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಗಿಟಾರಿನ ಹುಚ್ಚು ಹಿಡಿಯಿತು. ಹರಪನಹಳ್ಳಿಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ಆರ್ಕೆಸ್ಟ್ರಾಗಳಲ್ಲಿ ನುಡಿಸಿ ನುಡಿಸಿ ಈಗ ಬೆರಳು ಸರಿಯಾಗಿ ಮಡಚಲು ಬಾರದವರು. ಭಾನುವಾರದ ಬಸ್ಸು ಹಿಡಿದು ಅವರ ಹತ್ತಿರ ಕಲಿಯಲು ಹೋಗುತ್ತಿದ್ದೆ. ಎರಡು ವರ್ಷವಾದ ಮೇಲೆ ತಮ್ಮ ಗಿಟಾರನ್ನೇ ನನ್ನ ಕೈಗಿಟ್ಟರು.

"ಬರೇ ಕಟ್ಟಿಗಿ ಅಂತ ತಿಳ್ಕಬ್ಯಾಡಪ್ಪ. ಮಳಿಗಾಲದಾಗ ನೀರು ಕುಡೀತೈತಿ, ಚಳಿಗಾಲದಾಗ ಒಣಗ್ತೈತಿ," ಎಂದರು. ಸೋಪಿನ ಡಬ್ಬಿಗೆ ತೂತು ಕೊರೆದು, ಅದರಲ್ಲಿ ಒದ್ದೆ ಸ್ಪಂಜು ಹಿಂಡಿಟ್ಟು, ಗಿಟಾರಿನ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ಒಣಗಾಳಿ ಇರುವಷ್ಟು ದಿನ ಎರಡು ದಿನಕ್ಕೊಮ್ಮೆ ಸ್ಪಂಜಿಗೆ ನೀರು ಮುಟ್ಟಿಸಬೇಕು. ಮಳೆ ಹಿಡಿದರೆ ಡಬ್ಬಿ ತೆಗೆದುಬಿಡಬೇಕು. ಇಷ್ಟೇ ಪಥ್ಯ.

ಹದಿನೈದು ದಿನ ಚಾಚೂ ತಪ್ಪದೆ ಮಾಡಿದೆ. ಆಮೇಲೆ, ಪೆಟ್ಟಿಗೆಯೊಳಗಿದ್ದರೆ ಮನೆಗೆ ಬಂದವರಿಗೆ ಕಾಣುವುದು ಹೇಗೆ ಅನ್ನಿಸಿತು. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ನಮ್ಮದು ತಗಡಿನ ಮನೆ. ಹಗಲು ಕಾಯುತ್ತದೆ, ಬೆಳಗಿನ ಜಾವ ಹಲ್ಲು ಕಡಿಸುತ್ತದೆ. ಹಿಮ್ಮಡಿ ಬಿರಿಯುವ ಆ ಗಾಳಿಯಲ್ಲಿ ಗಿಟಾರಿಗೂ ಏನಾದರೂ ಆದೀತು ಅನ್ನುವ ಯೋಚನೆ ನನ್ನ ತಲೆಗೆ ಹತ್ತಲಿಲ್ಲ.

ಅಪ್ಪನದು ಭಜನೆ. ಓಣಿಯ ಹನುಮಪ್ಪನ ಗುಡಿಯ ಮೇಳದಲ್ಲಿ ನಲವತ್ತು ವರ್ಷದಿಂದ ದಮ್ಮಡಿ ಬಾರಿಸುತ್ತಿದ್ದ. ಧನುರ್ಮಾಸದ ಬೆಳಗಿನ ಇಬ್ಬನಿಗೆ ದಮ್ಮಡಿಯ ತೊಗಲು ಸಡಿಲಾಗಿ ದನಿ ಸತ್ತುಹೋಗುತ್ತದೆ. ಅದಕ್ಕೆ ಗುಡಿಯ ಮುಂದೆ ಮೆಕ್ಕೆಜೋಳದ ಬೆಂಡಿನ ಬೆಂಕಿ ಹಾಕಿ ಕಾಸುತ್ತಾರೆ. ಆ ಕೆಲಸ ಅಪ್ಪನದೇ. ಎಲ್ಲರೂ ತಮ್ಮ ತಮ್ಮ ದಮ್ಮಡಿಗಳನ್ನು ಅವನ ಮುಂದಿಟ್ಟು ಕಾಯುತ್ತಿದ್ದರು. ಅವನು ಬೆರಳಿನಿಂದ ಬಡಿದು ನೋಡಿ ಕೊಟ್ಟ ಮೇಲೆಯೇ ಹಾಡು ಶುರುವಾಗುತ್ತಿದ್ದುದು. ಮನೆಯಲ್ಲಿ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ. ಅವನಿಗೊಂದು ಬೆಲೆ ಅಂತ ಇದ್ದದ್ದು ಆ ಬೆಂಕಿಯ ಮುಂದೆ ಮಾತ್ರ.

ಅವನೇ ಒಂದು ದಿನ, "ನಾಳಿ ನಿನ್ನ ಗಿಟಾರು ತಗಂಡು ಬಾರಲೇ, ಎಲ್ರೂ ಕೇಳ್ತಾರಂತ," ಎಂದ. ಹಿಗ್ಗಿ ಹೋದೆ. ಬೆಳಿಗ್ಗೆ ಗಿಟಾರನ್ನು ಅವನ ಪಕ್ಕದಲ್ಲಿಟ್ಟು ಮೇಳದವರಿಗೆ ಚಹಾ ತರಲು ಹೋದೆ. ವಾಪಸು ಬಂದು ನೋಡಿದರೆ ಅಪ್ಪ ಗಿಟಾರನ್ನು ಬೆಂಕಿಗೆ ಹಿಡಿದು, ದಮ್ಮಡಿಯನ್ನು ಕಾಸುವ ಹಾಗೆಯೇ ನಿಧಾನಕ್ಕೆ ತಿರುಗಿಸುತ್ತಿದ್ದಾನೆ.

"ತಣ್ಣಗಾಗಿತ್ತಲೇ. ಒಂದೀಟು ಕಾಸಿದ್ರ ದನಿ ಬಿಡ್ತೈತಿ," ಎಂದ.

ಗಿಟಾರನ್ನು ಕಿತ್ತುಕೊಂಡೆ. ಬೆಳಕಿಗೆ ಹಿಡಿದರೆ ಮುಂದಿನ ಹಲಗೆಯಲ್ಲಿ ಬೆರಳುದ್ದದ ಬಿರುಕು. ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. "ತೊಗಲು ಬಡಿಯೋದು ಬಿಟ್ರ ನಿನಗೇನು ಬರತೈತಿ? ಕೈಗೆ ಸಿಕ್ಕಿದ್ದೆಲ್ಲ ಬೆಂಕಿಗೆ ಹಿಡಿಯೋದನ. ಬುದ್ಧಿ ಐತೇನು ನಿನಗ?"

ಮೇಳದವರು ತಲೆ ತಗ್ಗಿಸಿದರು. ಅಪ್ಪನ ಮುಖ ಸಣ್ಣದಾಯಿತು. ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಮನೆ ಕಡೆ ನಡೆದ.

ನಾನು ಅಲ್ಲಿಂದಲೇ ಹರಪನಹಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಪ್ಪನ ಮೇಲಿನ ದೂರುಗಳನ್ನೇ ಜೋಡಿಸಿಕೊಳ್ಳುತ್ತ ಹೋದೆ. ಮೇಷ್ಟ್ರು ಎಲ್ಲ ಕೇಳಿಸಿಕೊಂಡು, ಕನ್ನಡಕ ಹಾಕಿಕೊಂಡು, ಗಿಟಾರನ್ನು ಬಾಗಿಲ ಬೆಳಕಿಗೆ ಒಯ್ದರು.

"ಝಳ ಬಡಿದಿದ್ರ ಪಾಲೀಶು ಗುಳ್ಳಿ ಏಳಬೇಕಿತ್ತು. ಎದ್ದಿಲ್ಲ. ಬಿರುಕಿನಾಗ ಧೂಳು ಕುಂತೈತಿ ನೋಡು. ಇವತ್ತು ಬೆಳಿಗ್ಗಿ ಬಿಟ್ಟಿದ್ರಾಗ ಧೂಳು ಹೆಂಗ ಕುಂದರತೈತಪ್ಪ?"

ನನ್ನ ಬೆರಳು ಹಿಡಿದು ಗಿಟಾರಿನ ಕುತ್ತಿಗೆಯ ಅಂಚಿನ ಮೇಲೆ ಎಳೆದರು. ಲೋಹದ ಅಡ್ಡಪಟ್ಟಿಗಳ ತುದಿ ಚುಚ್ಚಿತು. ಕಟ್ಟಿಗೆ ಒಣಗಿ ಕುಗ್ಗಿದರೆ ಅವು ಹಾಗೆ ಹೊರಗೆ ಚಾಚುತ್ತವಂತೆ. ತಿಂಗಳಿಂದ ಅವು ನನ್ನ ಬೆರಳು ಗೀರುತ್ತಿದ್ದವು. ಚಳಿಗೆ ನನ್ನ ಚರ್ಮವೇ ಒಡೆದಿದೆ ಅಂದುಕೊಂಡಿದ್ದೆ.

"ಸ್ಪಂಜಿಗೆ ನೀರು ಮುಟ್ಟಿಸಿ ಎಷ್ಟು ದಿನ ಆತು?"

ಗೋಡೆಗೆ ಮೊಳೆ ಹೊಡೆದ ದಿನದಿಂದ ಮುಟ್ಟಿಸಿರಲಿಲ್ಲ. ಬಿರುಕು ಅಂಟಿಸಬಹುದು, ಬಿಟ್ಟು ಹೋಗು ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದ. ಅವನ ಎದುರಿಗೆ ಕುಳಿತೆ. "ನಿಂದೇನೂ ತಪ್ಪಿಲ್ಲಪ್ಪಾ. ಬಿರುಕು ಮೊದಲ ಬಿಟ್ಟಿತ್ತಂತ. ನಾನ ಸರಿಯಾಗಿ ನೋಡ್ಕಳಿಲ್ಲ," ಎಂದೆ.

ಅವನ ಕೈ ನಿಲ್ಲಲಿಲ್ಲ. "ನನಗ್ಯಾಕ ಹೇಳ್ತಿ? ಬೆಂಕಿಗೆ ಎಷ್ಟು ದೂರ ಹಿಡೀಬೇಕು ಅಂಬೋದು ನನಗ ಗೊತ್ತಿಲ್ಲೇನು? ಅಲ್ಲಿ ಕುಂತಿದ್ರಲ್ಲ, ಅವರಿಗೆ ಹೇಳು."

ಮರುದಿನ ಹೇಳಲೆಂದೇ ಎದ್ದು ಗುಡಿಗೆ ಹೋದೆ. ಅಪ್ಪ ಬಂದಿರಲಿಲ್ಲ. ಅವನು ಕೂರುವ ಜಾಗದಲ್ಲಿ ಬೇರೊಬ್ಬ ಕುಳಿತು ದಮ್ಮಡಿ ಕಾಸುತ್ತಿದ್ದ. ಮೇಳದ ಹಿರಿಯರೊಬ್ಬರು ನನ್ನನ್ನು ಕರೆದು, "ಯಾಕಪ್ಪ, ನಿಮ್ಮಪ್ಪ ಬರಲಿಲ್ಲ?" ಎಂದು ಮೆಲ್ಲಗೆ ಕೇಳಿದರು. ಹೇಳುವುದಕ್ಕೆ ಅದಕ್ಕಿಂತ ಸುಲಭದ ಗಳಿಗೆ ಸಿಗುವಂತಿರಲಿಲ್ಲ. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು.

"ಮೊಣಕಾಲು ನೋವಂತರಿ," ಅಂದುಬಿಟ್ಟೆ.

ಧನುರ್ಮಾಸ ಮುಗಿಯಿತು. ಅಪ್ಪ ಮತ್ತೆ ಭಜನೆಗೆ ಹೋಗಲಿಲ್ಲ. ಈಗಲೂ ಓಣಿಯಲ್ಲಿ ಸಿಕ್ಕವರೆಲ್ಲ ಅವನ ಮೊಣಕಾಲು ವಿಚಾರಿಸುತ್ತಾರೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಅಪ್ಪ ಬಗ್ಗಿ ಮೊಣಕಾಲು ಹಿಡಿದುಕೊಂಡು, "ಕಡಿಮಿ ಆಗವಲ್ದುರಿ," ಅನ್ನುತ್ತಾನೆ.